ಮೋಟಾರು ಸುಡುವ ಮುಂಚೆ ಸ್ಟಾರ್ಟರ್‌ನ ಎರಡು ಮುಳ್ಳು ಓದಿ



ಬೇಸಿಗೆ ಬಂತಂದ್ರ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ವೈಂಡಿಂಗ್ ಅಂಗಡಿಗಳಿಗೆ ಸುಗ್ಗಿ. ಹೊಲದಾಗ ಕಬ್ಬು ಒಣಗ್ತಿರುತ್ತದೆ, ಮೋಟಾರು ಅಂಗಡಿಯಲ್ಲಿ ಬಿಚ್ಚಿ ಬಿದ್ದಿರುತ್ತದೆ. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ ಖರೆ, ಆದರೆ ಮೋಟಾರು ಮೇಲೆತ್ತುವ ಖರ್ಚು, ವೈಂಡಿಂಗ್ ಖರ್ಚು, ಎಂಟು ದಿನ ನೀರು ತಪ್ಪಿದ ಬೆಳೆ ಯಾವುದೂ ಉಚಿತವಲ್ಲ. ಹುಕ್ಕೇರಿಯವರಿಗೆ 1969ರಲ್ಲಿ ಹುಟ್ಟಿದ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇದೆ, ಗೋಕಾಕ, ಮೂಡಲಗಿಯವರಿಗೆ ಹೆಸ್ಕಾಂ. ಲೈನ್ ಯಾರದ್ದೇ ಇರಲಿ, ಲೆಕ್ಕ ಒಂದೇ.

ನಾನು ಓದಿದ್ದು ತೋಟಗಾರಿಕೆ, ಎಲೆಕ್ಟ್ರಿಕಲ್ ಅಲ್ಲ. ಆದರೆ ಈ ಲೆಕ್ಕಕ್ಕೆ ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಡ್ರಿಪ್ ಹಾಕಿದವರಿಗಂತೂ ಅರ್ಧ ಮೊದಲೇ ಗೊತ್ತಿದೆ. ಪೈಪಿನ ಒತ್ತಡ ಅಂದರೆ ವೋಲ್ಟೇಜ್, ಹರಿಯುವ ನೀರು ಅಂದರೆ ಕರೆಂಟು, ಅದನ್ನು ಆಂಪಿಯರ್‌ನಲ್ಲಿ ಅಳೆಯುತ್ತೇವೆ. ಪೈಪು ಸಣ್ಣದಾದಷ್ಟು, ಉದ್ದ ಆದಷ್ಟು ನೀರಿಗೆ ಆಗುವ ತಡೆಯೇ ರೋಧ. ಅದರ ಅಳತೆ ಓಮ್.

ವೋಲ್ಟೇಜನ್ನು ಆಂಪಿಯರ್‌ನಿಂದ ಭಾಗಿಸಿದರೆ ಓಮ್. ಅವೆರಡನ್ನೂ ಗುಣಿಸಿದರೆ ವ್ಯಾಟ್, ಅಂದರೆ ಶಕ್ತಿ.

ಮನೆಯ ನೀರು ಕಾಯಿಸುವ ಕಾಯಿಲ್ ತಗೊಳ್ರಿ. 230 ವೋಲ್ಟ್, 1500 ವ್ಯಾಟ್ ಅಂತ ಬರೆದಿರುತ್ತದೆ. 1500 ಭಾಗಿಸು 230 ಅಂದರೆ ಸುಮಾರು 6.5 ಆಂಪಿಯರ್. 230 ಭಾಗಿಸು 6.5 ಅಂದರೆ ಸುಮಾರು 35 ಓಮ್. ಸಂಜೆ ವೋಲ್ಟೇಜ್ 180ಕ್ಕೆ ಇಳಿಯಿತು ಅನ್ನಿ. ಕಾಯಿಲ್‌ನ ರೋಧ ಹೆಚ್ಚು ಬದಲಾಗದು, ಹಾಗಾಗಿ 180 ಭಾಗಿಸು 35, ಸುಮಾರು 5.1 ಆಂಪಿಯರ್. ಶಕ್ತಿ 920 ವ್ಯಾಟ್ ಆಸುಪಾಸು. ವೋಲ್ಟೇಜ್ ಕಾಲುಭಾಗದಷ್ಟೂ ಇಳಿದಿಲ್ಲ, ಬಿಸಿ ಮಾತ್ರ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋಯಿತು. ನೀರು ತಡವಾಗಿ ಕಾಯುತ್ತದೆ, ಅಷ್ಟೇ. ಕಾಯಿಲ್ ಸುಡೋದಿಲ್ಲ.

ಮೋಟಾರು ಇದಕ್ಕೆ ಉಲ್ಟಾ. ನಮ್ಮ ಹುಡುಗರು ಮೋಸ ಹೋಗೋದು ಇಲ್ಲೇ. ವೋಲ್ಟೇಜ್ ಇಳಿದರೂ ಬೋರಿನ ಆಳ ಇಳಿಯಲ್ಲ, ಪಂಪು ಅಷ್ಟೇ ನೀರು ಎತ್ತಬೇಕು. ಹಾಗಾಗಿ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ.

ಮೂರು ಫೇಸ್ ಮೋಟಾರಿಗೆ ಲೆಕ್ಕ ಸ್ವಲ್ಪ ಬೇರೆ: ಎರಡು ಫೇಸ್ ನಡುವಿನ ವೋಲ್ಟೇಜ್, ಒಂದು ವಾಯರಿನ ಆಂಪಿಯರ್, 1.732 ಮತ್ತು ಪವರ್ ಫ್ಯಾಕ್ಟರ್ ಇವನ್ನೆಲ್ಲ ಗುಣಿಸಬೇಕು. ಪವರ್ ಫ್ಯಾಕ್ಟರ್ ಸುಮಾರು 0.8 ಅಂತ ಹಿಡಿಯಿರಿ. 5 ಎಚ್.ಪಿ. ಮೋಟಾರು 415 ವೋಲ್ಟಿನಲ್ಲಿ 9 ಆಂಪಿಯರ್ ಎಳೆಯುತ್ತಿದ್ದರೆ, ಒಳಗೆ ಹೋಗುವುದು ಸುಮಾರು 5,175 ವ್ಯಾಟ್. ಒಂದು ಎಚ್.ಪಿ. ಅಂದರೆ 746 ವ್ಯಾಟ್, ಹಾಗಾಗಿ ಪಂಪಿಗೆ ಸಿಗುವುದು 3,730. ಉಳಿದದ್ದರ ಬಹುಪಾಲು ಮೋಟಾರಿನೊಳಗೇ ಬಿಸಿಯಾಗುತ್ತದೆ.

ಈಗ ವೋಲ್ಟೇಜ್ 340 ಆಯಿತು. ಅದೇ ಶಕ್ತಿ ಬೇಕಾದರೆ ಕರೆಂಟು 11 ಆಂಪಿಯರ್. 9ರಿಂದ 11 ಏನು ಮಹಾ ಅನ್ನಬೇಡ್ರಿ. ತಂತಿಯ ಬಿಸಿ ಲೆಕ್ಕ ಹಾಕೋದು ಆಂಪಿಯರ್ ಗುಣಿಸು ಆಂಪಿಯರ್ ಗುಣಿಸು ರೋಧ. 9ರ ವರ್ಗ 81, 11ರ ವರ್ಗ 121. ವೈಂಡಿಂಗ್ ಬಿಸಿ ಒಂದೂವರೆ ಪಟ್ಟು. ಇಂಥ ಹೊತ್ತಿನಲ್ಲಿ ರಿಲೇ ಟ್ರಿಪ್ ಆಗುತ್ತದೆ, ನಾವು ಅದರ ಬಿರಡೆ ತಿರುಗಿಸಿ ಆಂಪಿಯರ್ ಏರಿಸುತ್ತೇವೆ! ರಿಲೇ ನೇಮ್ ಪ್ಲೇಟಿನ ಆಂಪಿಯರಿಗೇ ಇರಲಿ. ಅದು ಟ್ರಿಪ್ ಆಗುವುದು ನಿಮ್ಮ ಮೋಟಾರು ಉಳಿಸಲಿಕ್ಕೆ.

ಇನ್ನು ಕೇಬಲ್. ಲೈನ್ ವೋಲ್ಟೇಜ್ ನಮ್ಮ ಕೈಯಲ್ಲಿಲ್ಲ, ಕೇಬಲ್ ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ಡ್ರಿಪ್ಪಿನ ಲ್ಯಾಟರಲ್ ತೀರಾ ಉದ್ದ ಆದರೆ ಕೊನೆಯ ಗಿಡಕ್ಕೆ ನೀರು ಕಮ್ಮಿ ಬೀಳುತ್ತದಲ್ಲ, ಇದೂ ಹಾಗೇ. ತಾಮ್ರದ 2.5 ಚದರ ಮಿ.ಮೀ. ವಾಯರಿಗೆ ಒಂದು ಕಿಲೋಮೀಟರಿಗೆ ಸುಮಾರು 8 ಓಮ್, 4ಕ್ಕೆ 5 ಓಮ್, 6ಕ್ಕೆ 3.3 ಓಮ್. ಸ್ಟಾರ್ಟರಿನಿಂದ ಮೋಟಾರಿನವರೆಗೆ 300 ಮೀಟರ್ ಇದ್ದರೆ 2.5ರ ಕೇಬಲ್ಲಿನಲ್ಲಿ ಪ್ರತಿ ವಾಯರಿಗೆ 2.4 ಓಮ್. 9 ಆಂಪಿಯರಿಗೆ ಒಂದು ವಾಯರಿನಲ್ಲಿ 81 ಗುಣಿಸು 2.4, ಸುಮಾರು 194 ವ್ಯಾಟ್. ಮೂರೂ ಸೇರಿ 583 ವ್ಯಾಟ್ ಬರೇ ಕೇಬಲ್ ಬಿಸಿ ಮಾಡಲಿಕ್ಕೆ. ಏಳು ತಾಸು ಓಡಿಸಿದರೆ 4 ಯೂನಿಟ್. ಜೊತೆಗೆ ಸ್ಟಾರ್ಟರಿನಲ್ಲಿ ಕಾಣುವ ವೋಲ್ಟೇಜಿಗಿಂತ ಸುಮಾರು 30 ವೋಲ್ಟ್ ಕಮ್ಮಿ ಕೆಳಗೆ ಮೋಟಾರಿಗೆ ಮುಟ್ಟುತ್ತದೆ. ಮುಳ್ಳು 370 ತೋರಿಸಿದಾಗ ಮೋಟಾರು ಕಾಣುವುದು 340! 6ರ ಕೇಬಲ್ ಹಾಕಿದರೆ ಆ ನಷ್ಟ 240 ವ್ಯಾಟಿಗೆ ಇಳಿಯುತ್ತದೆ. ಕೇಬಲ್ ಅಂಗಡಿಯಲ್ಲಿ ಚೌಕಾಸಿ ಮಾಡಿ ಸಣ್ಣದು ತರುವವರು ಆ ದುಡ್ಡನ್ನು ವೈಂಡಿಂಗಿಗೆ ಕೊಡುತ್ತಾರೆ ಅಂತ ನನ್ನ ಅಭಿಪ್ರಾಯ. ಜಾಯಿಂಟ್ ಸಡಿಲ ಇದ್ದರೂ ಇದೇ ಕಥೆ. ಅಲ್ಲಿ ರೋಧ ಹೆಚ್ಚಿ ಅದೊಂದೇ ಜಾಗ ಕಾಯುತ್ತದೆ.

ಒಂದು ಎಚ್ಚರಿಕೆ. ಓಡುವ ಮೋಟಾರಿನ 415ನ್ನು 9ರಿಂದ ಭಾಗಿಸಿ ಬಂದ 46ನ್ನು ವೈಂಡಿಂಗ್ ರೋಧ ಅಂತ ತಿಳೀಬೇಡಿ. ಓಡುವಾಗ ಕಾಂತದ ತಡೆಯೂ ಸೇರಿರುತ್ತದೆ. ವೈಂಡಿಂಗ್ ನೋಡಬೇಕಾದರೆ ಮೇನ್ ಪೂರ್ತಿ ಬಂದ್ ಮಾಡಿ, ಮೋಟಾರಿನ ವಾಯರ್ ಸ್ಟಾರ್ಟರಿನಿಂದ ಬಿಚ್ಚಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಎರಡೆರಡು ವಾಯರ್ ಹಿಡಿದು ನೋಡಬೇಕು. ಮೂರೂ ಸಲ ಹೆಚ್ಚುಕಮ್ಮಿ ಒಂದೇ ಓಮ್ ಬರಬೇಕು. ಒಂದು ಜೋಡಿ ಬೇರೆ ಬಂದರೆ ವೈಂಡಿಂಗ್ ಅಥವಾ ಜಾಯಿಂಟ್ ಸರಿಯಿಲ್ಲ. ಈ ಕೆಲಸ ಗೊತ್ತಿದ್ದ ಎಲೆಕ್ಟ್ರಿಷಿಯನ್ ಜೊತೆಗೇ ಮಾಡಿ, ಒದ್ದೆ ಕೈಯಲ್ಲಿ ಪೆಟ್ಟಿಗೆ ತೆಗೆಯಬೇಡಿ.

ದಿನಾ ನೋಡಲಿಕ್ಕೆ ಸ್ಟಾರ್ಟರ್ ಮೇಲಿನ ಮುಳ್ಳುಗಳೇ ಸಾಕು. ಮೋಟಾರು ಚಾಲೂ ಆಗಿ ಹತ್ತು ನಿಮಿಷದ ಮೇಲೆ ಒಂದು ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ವೋಲ್ಟೇಜ್ ಸರಿ ಇದ್ದೂ ಆಂಪಿಯರ್ 9ರಿಂದ 5ಕ್ಕೆ ಬಿದ್ದರೆ ಬೋರಿನಲ್ಲಿ ನೀರು ಮುಗಿದಿರಬಹುದು, ತಕ್ಷಣ ಬಂದ್ ಮಾಡಿ. ವೋಲ್ಟೇಜ್ ಸರಿ ಇದ್ದೂ ಆಂಪಿಯರ್ ಏರಿದರೆ ಮರಳು ಸಿಕ್ಕಿರಬಹುದು ಇಲ್ಲವೇ ಬೇರಿಂಗ್ ಹಿಡಿದಿರಬಹುದು. ವೋಲ್ಟೇಜ್ ಇಳಿದು ಆಂಪಿಯರ್ ನೇಮ್ ಪ್ಲೇಟ್ ದಾಟಿದರೆ ಆ ಹೊತ್ತು ನೀರು ಬಿಡೋದು ಬೇಡ, ಲೈನ್ ಸುಧಾರಿಸಿದ ಮೇಲೆ ಚಾಲೂ ಮಾಡಿ. ನಿಮ್ಮ ನೇಮ್ ಪ್ಲೇಟ್ ಅಕ್ಷರ ಅಳಿಸಿ ಹೋಗುವ ಮುಂಚೆ ಅದರದ್ದೂ ಒಂದು ಫೋಟೋ ಇರಲಿ.