ಗೆದ್ದಾಗ ಜರ್ಮನ್, ಸೋತಾಗ ವಲಸಿಗ: ಓಜಿಲ್ ಪ್ರಕರಣ ಎತ್ತಿದ ಪ್ರಶ್ನೆಗಳು

2018ರ ಜುಲೈ 22ರಂದು ಜರ್ಮನಿಯ ಫುಟ್‌ಬಾಲ್ ಆಟಗಾರ ಮೆಸುಟ್ ಓಜಿಲ್ ಸಾಮಾಜಿಕ ಜಾಲತಾಣಗಳಲ್ಲಿ ಮೂರು ಕಂತುಗಳ ಹೇಳಿಕೆ ಪ್ರಕಟಿಸಿ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದರು. ಆಗ ಅವರ ವಯಸ್ಸು 29. ಜರ್ಮನಿಯ ಪರ 92 ಪಂದ್ಯಗಳನ್ನಾಡಿ 23 ಗೋಲು ಗಳಿಸಿದ್ದ, 2014ರಲ್ಲಿ ಬ್ರೆಜಿಲ್‌ನಲ್ಲಿ ವಿಶ್ವಕಪ್ ಎತ್ತಿದ ತಂಡದ ಪ್ರಮುಖ ಸದಸ್ಯರಾಗಿದ್ದ ಆಟಗಾರನ ನಿರ್ಗಮನಕ್ಕೆ ಗಾಯವಾಗಲಿ, ವಯಸ್ಸಾಗಲಿ ಕಾರಣವಾಗಿರಲಿಲ್ಲ. ತಂಡ ಗೆದ್ದಾಗ ತಾವು ಜರ್ಮನ್, ಸೋತಾಗ ವಲಸಿಗ ಎಂಬಂತೆ ನೋಡಲಾಗುತ್ತಿದೆ ಎಂಬುದು ಅವರ ನೇರ ಆರೋಪವಾಗಿತ್ತು.

ರಾಷ್ಟ್ರೀಯ ತಂಡದ ಜೆರ್ಸಿ ತೊಟ್ಟವನು ಆ ರಾಷ್ಟ್ರಕ್ಕೆ ಎಷ್ಟರಮಟ್ಟಿಗೆ ಸೇರಿದವನು? ಅವನ ಧರ್ಮ, ಬಣ್ಣ, ಪೂರ್ವಜರ ಊರು ಯಾವಾಗ ಚರ್ಚೆಯ ವಸ್ತುವಾಗುತ್ತವೆ? ಒಬ್ಬ ಆಟಗಾರನ ಕೃತ್ಯವನ್ನು ಟೀಕಿಸುವುದಕ್ಕೂ ಅವನ ಪೌರತ್ವವನ್ನೇ ಶಂಕಿಸುವುದಕ್ಕೂ ನಡುವಿನ ಗೆರೆ ಯಾವುದು? ಈ ಪ್ರಶ್ನೆಗಳೆಲ್ಲ ಒಂದೇ ಪ್ರಕರಣದಲ್ಲಿ ಒಟ್ಟಾಗಿ ಎದುರಾದದ್ದು ವಿರಳ. ಆದ್ದರಿಂದಲೇ ಓಜಿಲ್ ಪ್ರಕರಣವನ್ನು ಬಿಡಿಸಿ ನೋಡುವುದು ಅಗತ್ಯ.

ಅತಿಥಿಗಳಾಗಿ ಬಂದವರು

ಎರಡನೇ ಮಹಾಯುದ್ಧದ ನಂತರ ವೇಗವಾಗಿ ಬೆಳೆಯುತ್ತಿದ್ದ ಪಶ್ಚಿಮ ಜರ್ಮನಿಗೆ ಕಾರ್ಮಿಕರ ಕೊರತೆ ಎದುರಾಯಿತು. ಈ ಕೊರತೆ ನೀಗಲು ಅದು 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಹೀಗೆ ಬಂದವರಿಗೆ ಸಿಕ್ಕ ಹೆಸರು 'ಅತಿಥಿ ಕಾರ್ಮಿಕರು'. ಕೆಲಸ ಮುಗಿದ ಮೇಲೆ ಅವರು ಮರಳುತ್ತಾರೆ ಎಂಬ ನಿರೀಕ್ಷೆ ಆ ಹೆಸರಿನಲ್ಲೇ ಅಡಗಿತ್ತು. ಆದರೆ ಲಕ್ಷಾಂತರ ಮಂದಿ ಅಲ್ಲಿಯೇ ನೆಲೆಸಿದರು, ಮಕ್ಕಳು ಮೊಮ್ಮಕ್ಕಳನ್ನು ಕಂಡರು.

ಕಲ್ಲಿದ್ದಲು ಗಣಿಗಳಿಗೆ ಹೆಸರಾಗಿದ್ದ ಗೆಲ್ಸೆನ್‌ಕಿರ್ಶೆನ್ ನಗರದಲ್ಲಿ 1988ರಲ್ಲಿ ಹುಟ್ಟಿದ ಓಜಿಲ್ ಅಂತಹ ಕುಟುಂಬವೊಂದರ ಮೂರನೇ ತಲೆಮಾರಿನವರು. ಆಗಿನ ಜರ್ಮನ್ ಕಾನೂನಿನಲ್ಲಿ ಪೌರತ್ವವು ರಕ್ತಸಂಬಂಧವನ್ನು ಆಧರಿಸಿತ್ತು; ಜರ್ಮನಿಯ ಆಸ್ಪತ್ರೆಯಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಜರ್ಮನ್ ಆಗುತ್ತಿರಲಿಲ್ಲ. ದೀರ್ಘಕಾಲ ನೆಲೆಸಿದ ವಿದೇಶಿ ಪೋಷಕರ ಮಕ್ಕಳಿಗೆ ಹುಟ್ಟಿನಿಂದಲೇ ಪೌರತ್ವ ನೀಡುವ ತಿದ್ದುಪಡಿ ಜಾರಿಗೆ ಬಂದದ್ದು 2000ದ ಜನವರಿ 1ರಂದು. ಓಜಿಲ್ ಟರ್ಕಿಯ ಪೌರತ್ವವನ್ನು ಬಿಟ್ಟುಕೊಟ್ಟು ಜರ್ಮನ್ ಪೌರತ್ವ ಪಡೆದರು. ಎರಡೂ ದೇಶಗಳಿಗೆ ಆಡುವ ಅವಕಾಶವಿದ್ದಾಗ ಜರ್ಮನಿಯನ್ನೇ ಆರಿಸಿಕೊಂಡರು.

ಈ ಆಯ್ಕೆಗೆ ಅವರು ತೆತ್ತ ಬೆಲೆ 2010ರ ಅಕ್ಟೋಬರ್‌ನಲ್ಲಿ ಬರ್ಲಿನ್ ಕ್ರೀಡಾಂಗಣದಲ್ಲಿ ಕೇಳಿಬಂತು. ಜರ್ಮನಿ–ಟರ್ಕಿ ಪಂದ್ಯದಲ್ಲಿ ಚೆಂಡು ಕಾಲಿಗೆ ಸಿಕ್ಕಾಗಲೆಲ್ಲ ಟರ್ಕಿಯ ಅಭಿಮಾನಿಗಳು ಅವರನ್ನು ಸಿಳ್ಳೆ ಹಾಕಿ ಮೂದಲಿಸಿದರು. ಓಜಿಲ್ ಒಂದು ಗೋಲು ಹೊಡೆದರು; ಜರ್ಮನಿ 3–0ಯಿಂದ ಗೆದ್ದಿತು. ಪಂದ್ಯದ ನಂತರ ಆಟಗಾರರ ಕೊಠಡಿಗೆ ಬಂದ ಅಂದಿನ ಚಾನ್ಸಲರ್ ಏಂಜೆಲಾ ಮರ್ಕೆಲ್ ಓಜಿಲ್ ಕೈ ಕುಲುಕಿದ ಚಿತ್ರ ದೇಶದಾದ್ಯಂತ ಪ್ರಕಟವಾಯಿತು. ಅದೇ ವರ್ಷ ವಲಸಿಗರು ಸಮಾಜದಲ್ಲಿ ಬೆರೆಯುವುದಕ್ಕೆ ಮಾದರಿ ಎಂದು ಅವರಿಗೆ 'ಬಾಂಬಿ' ಪ್ರಶಸ್ತಿ ನೀಡಲಾಯಿತು. ಟ್ಯುನೀಷಿಯಾ ಮೂಲದ ತಂದೆಯ ಮಗ ಸಮಿ ಖೆದಿರಾ, ಘಾನಾ ಮೂಲದ ತಂದೆಯ ಮಗ ಜೆರೋಮ್ ಬೋಟೆಂಗ್, ಪೋಲೆಂಡ್‌ನಲ್ಲಿ ಹುಟ್ಟಿದ ಮಿರೊಸ್ಲಾವ್ ಕ್ಲೋಸೆ ಮತ್ತು ಲುಕಾಸ್ ಪೊಡೊಲ್ಸ್‌ಕಿ ಇದ್ದ ಆ ತಂಡವನ್ನು ಹೊಸ ಜರ್ಮನಿಯ ಮುಖವೆಂದು ಕೊಂಡಾಡಲಾಯಿತು.

ಪ್ರಾರ್ಥನೆ ಮತ್ತು ರಾಷ್ಟ್ರಗೀತೆ

ಪ್ರಶಂಸೆಯ ಜತೆಜತೆಗೇ ಪರೀಕ್ಷೆಯೂ ನಡೆದಿತ್ತು. ಪಂದ್ಯಕ್ಕೆ ಮುನ್ನ ರಾಷ್ಟ್ರಗೀತೆ ನುಡಿಸುವಾಗ ಓಜಿಲ್ ಹಾಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮೌನವಾಗಿ ಪ್ರಾರ್ಥಿಸುವುದಾಗಿ ಅವರು ತಿಳಿಸಿದ್ದರು. ಇದನ್ನು ನಿಷ್ಠೆಯ ಕೊರತೆಯೆಂದು ಟೀಕಿಸಿದವರುಂಟು. ಆದರೆ 1974ರಲ್ಲಿ ವಿಶ್ವಕಪ್ ಗೆದ್ದ ಪಶ್ಚಿಮ ಜರ್ಮನಿ ತಂಡದ ಹೆಚ್ಚಿನ ಆಟಗಾರರೂ ರಾಷ್ಟ್ರಗೀತೆ ಹಾಡದೆ ಸುಮ್ಮನೆ ನಿಂತಿದ್ದರು ಎಂಬುದು ಗಮನಾರ್ಹ. ಅವರ ದೇಶಪ್ರೇಮ ಅಂದು ವಿವಾದವಾಗಲಿಲ್ಲ.

2016ರ ಮೇ ತಿಂಗಳಲ್ಲಿ ಓಜಿಲ್ ಮೆಕ್ಕಾ ಯಾತ್ರೆಯ ಚಿತ್ರ ಹಂಚಿಕೊಂಡಾಗ 'ಆಲ್ಟರ್ನೇಟಿವ್ ಫಾರ್ ಜರ್ಮನಿ' ಎಂಬ ಬಲಪಂಥೀಯ ಪಕ್ಷದವರಿಂದ ಆಕ್ಷೇಪ ಬಂತು. ಅದೇ ತಿಂಗಳು ಆ ಪಕ್ಷದ ಮುಖಂಡ ಅಲೆಕ್ಸಾಂಡರ್ ಗೌಲಾಂಡ್, ಜನರು ಬೋಟೆಂಗ್ ಅವರನ್ನು ಆಟಗಾರನಾಗಿ ಮೆಚ್ಚುತ್ತಾರೆ, ಆದರೆ ನೆರೆಮನೆಯವನಾಗಿ ಬಯಸುವುದಿಲ್ಲ ಎಂಬರ್ಥದ ಮಾತನಾಡಿ ವ್ಯಾಪಕ ಖಂಡನೆಗೆ ಗುರಿಯಾದರು. ಬೋಟೆಂಗ್ ಬರ್ಲಿನ್‌ನಲ್ಲಿ ಹುಟ್ಟಿ ಬೆಳೆದವರು, ಕ್ರೈಸ್ತರು. ಅಲ್ಲಿ ಅಡ್ಡಿಯಾದದ್ದು ಬಣ್ಣ. ಓಜಿಲ್ ವಿಷಯದಲ್ಲಿ ಧರ್ಮ.

ಒಂದು ಛಾಯಾಚಿತ್ರ

2018ರ ಮೇ ತಿಂಗಳಲ್ಲಿ ಲಂಡನ್‌ನಲ್ಲಿ ಓಜಿಲ್ ಮತ್ತು ಅವರ ಸಹ ಆಟಗಾರ ಇಲ್ಕೈ ಗುಂಡೊಗನ್ ಟರ್ಕಿಯ ಅಧ್ಯಕ್ಷ ರೆಸೆಪ್ ತಯ್ಯಿಪ್ ಎರ್ಡೊಗನ್ ಅವರನ್ನು ಭೇಟಿಯಾಗಿ ತಮ್ಮ ಜೆರ್ಸಿಗಳನ್ನು ನೀಡಿದರು. ಟರ್ಕಿಯಲ್ಲಿ ಚುನಾವಣೆಗೆ ಕೆಲವೇ ವಾರಗಳಿದ್ದವು. ವಿರೋಧಿಗಳನ್ನೂ ಪತ್ರಕರ್ತರನ್ನೂ ಸೆರೆಗೆ ತಳ್ಳಿದ್ದ ಆಡಳಿತದ ನಾಯಕನಿಗೆ ಜರ್ಮನಿಯ ರಾಷ್ಟ್ರೀಯ ಆಟಗಾರರು ಪ್ರಚಾರದ ಸರಕಾದರು ಎಂಬ ಟೀಕೆಯಲ್ಲಿ ಹುರುಳಿತ್ತು. ಸ್ವತಃ ಟರ್ಕಿ ಮೂಲದ ಅನೇಕ ಜರ್ಮನರೂ ಹೀಗೆಯೇ ಭಾವಿಸಿದರು. ತಮ್ಮ ಕುಟುಂಬದ ಮೂಲ ದೇಶದ ಉನ್ನತ ಹುದ್ದೆಗೆ ತೋರಿದ ಗೌರವವಷ್ಟೇ ಅದು, ರಾಜಕೀಯವಲ್ಲ ಎಂಬುದು ಓಜಿಲ್ ಅವರ ಸಮರ್ಥನೆ.

ವಿವಾದ ಇಲ್ಲಿಗೇ ನಿಂತಿದ್ದರೆ ಅದು ರಾಜಕೀಯ ವಿವೇಕದ ಪ್ರಶ್ನೆಯಾಗಿ ಉಳಿಯುತ್ತಿತ್ತು. ಆದರೆ ರಷ್ಯಾ ವಿಶ್ವಕಪ್‌ನಲ್ಲಿ ಜರ್ಮನಿ ಮೆಕ್ಸಿಕೊ ಮತ್ತು ದಕ್ಷಿಣ ಕೊರಿಯಾಗಳಿಗೆ ಸೋತು, 1938ರ ನಂತರ ಮೊದಲ ಬಾರಿಗೆ ಆರಂಭಿಕ ಹಂತದಲ್ಲೇ ಹೊರಬಿತ್ತು. ಇಡೀ ತಂಡದ ವೈಫಲ್ಯಕ್ಕೆ ಒಂದು ಛಾಯಾಚಿತ್ರ ಕಾರಣವೆಂಬಂತೆ ಮಾತುಗಳು ಕೇಳಿಬಂದವು. ಜರ್ಮನ್ ಫುಟ್‌ಬಾಲ್ ಸಂಘದ ಅಂದಿನ ಅಧ್ಯಕ್ಷ ರೇನ್‌ಹಾರ್ಡ್ ಗ್ರಿಂಡೆಲ್ ಓಜಿಲ್ ಅವರಿಂದ ಬಹಿರಂಗ ವಿವರಣೆ ಬಯಸಿದರು. ನಾಟಕ ಸಂಸ್ಥೆಯೊಂದರ ಮುಖ್ಯಸ್ಥರು ಅನತೋಲಿಯಾಕ್ಕೆ ತೊಲಗುವಂತೆ ತಮಗೆ ಹೇಳಿದ್ದನ್ನು ಓಜಿಲ್ ತಮ್ಮ ಹೇಳಿಕೆಯಲ್ಲಿ ಪ್ರಸ್ತಾಪಿಸಿದ್ದಾರೆ.

ಅವರು ಎತ್ತಿದ ಎರಡು ಪ್ರಶ್ನೆಗಳು ಇಡೀ ಪ್ರಕರಣದ ತಿರುಳು. ಕ್ಲೋಸೆ, ಪೊಡೊಲ್ಸ್‌ಕಿ ಅವರನ್ನು ಯಾರೂ 'ಪೋಲಿಷ್ ಜರ್ಮನ್' ಎನ್ನದಿರುವಾಗ ತಾವು ಮಾತ್ರ 'ಟರ್ಕಿಶ್ ಜರ್ಮನ್' ಆಗುವುದೇಕೆ? ಮಾಜಿ ನಾಯಕ ಲೋಥರ್ ಮಥಾಯಸ್ ಬೇರೊಂದು ದೇಶದ ನಾಯಕನನ್ನು ಭೇಟಿಯಾದಾಗ ಯಾರೂ ವಿವರಣೆ ಕೇಳಲಿಲ್ಲವೇಕೆ?

ಟೀಕೆ ಯಾವಾಗ ತಾರತಮ್ಯವಾಗುತ್ತದೆ ಎಂಬುದನ್ನು ಗುರುತಿಸಲು ಈ ಪ್ರಶ್ನೆಗಳೇ ಮಾನದಂಡ. 'ನೀವು ಸರ್ವಾಧಿಕಾರಿ ಧೋರಣೆಯ ನಾಯಕನ ಪಕ್ಕ ನಿಂತದ್ದು ತಪ್ಪು' ಎಂಬುದು ಪೌರನೊಬ್ಬ ಮತ್ತೊಬ್ಬ ಪೌರನಿಗೆ ಹೇಳುವ ಮಾತು. 'ನಿಮ್ಮ ಊರಿಗೆ ಹೋಗಿ' ಎಂಬುದು ಅವನು ಪೌರನೇ ಅಲ್ಲವೆನ್ನುವ ಮಾತು. ಗ್ರಿಂಡೆಲ್ ಜನಾಂಗೀಯ ತಾರತಮ್ಯದ ಆರೋಪವನ್ನು ತಳ್ಳಿಹಾಕಿದರಾದರೂ, ಓಜಿಲ್ ಎದುರಿಸಿದ ಜನಾಂಗೀಯ ನಿಂದನೆಯ ವಿರುದ್ಧ ಇನ್ನಷ್ಟು ಸ್ಪಷ್ಟವಾಗಿ ದನಿಯೆತ್ತಬೇಕಿತ್ತು ಎಂದು ಬಳಿಕ ಒಪ್ಪಿಕೊಂಡರು.

ನಿಯಮ ಒಂದು, ಅರ್ಥ ಹಲವು

ಧಾರ್ಮಿಕ ಅಭಿವ್ಯಕ್ತಿಯ ಕುರಿತು ಫುಟ್‌ಬಾಲ್‌ನ ನಿಯಮ ಏನನ್ನುತ್ತದೆ? ಆಟಗಾರರ ಉಡುಪಿನ ಮೇಲೆ ರಾಜಕೀಯ, ಧಾರ್ಮಿಕ ಅಥವಾ ವೈಯಕ್ತಿಕ ಘೋಷಣೆಗಳಿರಬಾರದು ಎಂದು ನಾಲ್ಕನೇ ನಿಯಮ ವಿಧಿಸುತ್ತದೆ. ಮೈದಾನದಲ್ಲಿ ಕೈಯೆತ್ತಿ ಪ್ರಾರ್ಥಿಸುವುದಕ್ಕೆ, ಶಿಲುಬೆಯ ಸಂಜ್ಞೆ ಮಾಡುವುದಕ್ಕೆ ಅದು ಅಡ್ಡಿಯಲ್ಲ. ಎರಡು ವರ್ಷಗಳ ಪ್ರಯೋಗದ ಬಳಿಕ 2014ರ ಮಾರ್ಚ್‌ನಲ್ಲಿ ತಲೆಗೆ ವಸ್ತ್ರ ಧರಿಸಿ ಆಡಲೂ ಅನುಮತಿ ದೊರೆಯಿತು. ಮೊರಾಕ್ಕೊದ ನೊಹೈಲಾ ಬೆಂಜಿನಾ 2023ರ ಮಹಿಳಾ ವಿಶ್ವಕಪ್‌ನಲ್ಲಿ ಹಿಜಾಬ್ ಧರಿಸಿ ಆಡಿದ ಮೊದಲ ಆಟಗಾರ್ತಿಯಾದರು.

ಆದರೆ ಅದಕ್ಕೆ ಒಂದು ತಿಂಗಳ ಹಿಂದಷ್ಟೇ, 2023ರ ಜೂನ್ 29ರಂದು, ಫ್ರಾನ್ಸ್‌ನ ಅತ್ಯುನ್ನತ ಆಡಳಿತಾತ್ಮಕ ನ್ಯಾಯಾಲಯವು ತನ್ನ ದೇಶದ ಫುಟ್‌ಬಾಲ್ ಒಕ್ಕೂಟ ಹಿಜಾಬ್ ಮೇಲೆ ಹೇರಿದ್ದ ನಿಷೇಧವನ್ನು ಎತ್ತಿಹಿಡಿದಿತ್ತು. ಪ್ರಭುತ್ವ ಧರ್ಮದಿಂದ ದೂರವಿರಬೇಕೆಂಬ ಫ್ರಾನ್ಸ್‌ನ ತತ್ತ್ವದ ಪ್ರಕಾರ ರಾಷ್ಟ್ರೀಯ ತಂಡದ ಆಟಗಾರರೂ ತಟಸ್ಥರಾಗಿರಬೇಕು. ಜರ್ಮನಿಯಲ್ಲಿ ಇಂಥ ನಿಷೇಧವಿಲ್ಲ. ಅಲ್ಲಿ ಓಜಿಲ್ ಮುರಿದ ಲಿಖಿತ ನಿಯಮ ಯಾವುದೂ ಇರಲಿಲ್ಲ. ಅವರು ಎದುರಿಸಿದ್ದು ಬರೆದಿಡದ ನಿಯಮವನ್ನು.

ಬದಲಾದುದೆಷ್ಟು?

ಅದೇ ಛಾಯಾಚಿತ್ರದಲ್ಲಿದ್ದ ಗುಂಡೊಗನ್ ಕಥೆ ಬೇರೆ ದಾರಿ ಹಿಡಿಯಿತು. 2018ರಲ್ಲಿ ತಾಯ್ನೆಲದ ಅಭಿಮಾನಿಗಳಿಂದಲೇ ಮೂದಲಿಕೆಗೆ ಒಳಗಾದ ಅವರು ಮಾಧ್ಯಮಗಳೊಂದಿಗೆ ಮಾತನಾಡಿದರು, ತಂಡದಲ್ಲಿ ಉಳಿದರು. 2024ರಲ್ಲಿ ಜರ್ಮನಿಯಲ್ಲೇ ನಡೆದ ಯುರೋ ಕಪ್‌ನಲ್ಲಿ ತಂಡದ ನಾಯಕರಾದರು. ಆ ಪಂದ್ಯಾವಳಿ ನಡೆಯುತ್ತಿದ್ದಾಗಲೇ, ಜೂನ್ 27ರಂದು, ದ್ವಿಪೌರತ್ವಕ್ಕೆ ಅವಕಾಶ ನೀಡುವ ಹೊಸ ಕಾನೂನು ಜಾರಿಗೆ ಬಂತು. ಓಜಿಲ್ ಮಾಡಬೇಕಾಗಿ ಬಂದ ತ್ಯಾಗ ಮುಂದಿನವರಿಗೆ ಅಗತ್ಯವಿಲ್ಲ.

ಆದರೂ ಪಂದ್ಯಾವಳಿಗೆ ಮುನ್ನ ಸಾರ್ವಜನಿಕ ಪ್ರಸಾರ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ, ತಂಡದಲ್ಲಿ ಬಿಳಿಯ ಆಟಗಾರರು ಹೆಚ್ಚಿರಬೇಕು ಎಂದವರು ಶೇ 21. ನಾಯಕ ಟರ್ಕಿ ಮೂಲದವರಾಗಿರುವುದು ವಿಷಾದಕರ ಎಂದವರು ಶೇ 17. ಆ ಪ್ರಶ್ನೆಯೇ ಜನಾಂಗೀಯವಾದದ್ದೆಂದು ಆಟಗಾರ ಜೋಶುವಾ ಕಿಮಿಚ್ ಮತ್ತು ತರಬೇತುದಾರ ಜೂಲಿಯನ್ ನಾಗೆಲ್ಸ್‌ಮನ್ ಖಂಡಿಸಿದರು. ಅದೇ ವರ್ಷದ ಮಾರ್ಚ್‌ನಲ್ಲಿ ರಕ್ಷಣಾ ಆಟಗಾರ ಅಂಟೋನಿಯೊ ರುಡಿಗರ್ ರಂಜಾನ್ ಆರಂಭದ ಶುಭಾಶಯದೊಂದಿಗೆ ತೋರುಬೆರಳೆತ್ತಿದ ಚಿತ್ರ ಪ್ರಕಟಿಸಿದಾಗ, ಪತ್ರಿಕೆಯೊಂದರ ಮಾಜಿ ಸಂಪಾದಕರು ಅದನ್ನು ತೀವ್ರವಾದಿ ಸಂಕೇತವೆಂದರು. ರುಡಿಗರ್ ದೂರು ದಾಖಲಿಸಿದರು. 2018ರಂತಲ್ಲದೆ ಈ ಬಾರಿ ಫುಟ್‌ಬಾಲ್ ಸಂಘ ಆಟಗಾರನ ಬೆನ್ನಿಗೆ ನಿಂತಿತು. ಈ ವ್ಯತ್ಯಾಸ ಸಣ್ಣದಲ್ಲ.

ಇತ್ತ ಓಜಿಲ್ ಎರ್ಡೊಗನ್‌ಗೆ ಇನ್ನಷ್ಟು ಹತ್ತಿರವಾದರು. 2019ರಲ್ಲಿ ಅವರ ವಿವಾಹಕ್ಕೆ ಎರ್ಡೊಗನ್ ಸಾಕ್ಷಿಯಾದರು. 2025ರಲ್ಲಿ ಓಜಿಲ್ ಎರ್ಡೊಗನ್ ಪಕ್ಷದ ಕೇಂದ್ರ ಸಮಿತಿಗೆ ಆಯ್ಕೆಯಾದರು. ತಮ್ಮ ಅನುಮಾನ ನಿಜವಾಯಿತು ಎಂದು ಟೀಕಾಕಾರರು ಹೇಳಬಹುದು. ಹೊರಗಟ್ಟಿದವನು ಇನ್ನೆಲ್ಲಿಗೆ ಹೋಗಬೇಕಿತ್ತು ಎಂದು ಬೆಂಬಲಿಗರು ಕೇಳಬಹುದು. ಎರಡರಲ್ಲಿ ಯಾವುದು ಸರಿಯೆಂದು ತೀರ್ಮಾನಿಸದೆಯೂ ಒಂದು ಮಾತು ಹೇಳಬಹುದು: ಓಜಿಲ್ ಅವರ ರಾಜಕೀಯವನ್ನು ಎಷ್ಟು ಕಟುವಾಗಿ ಬೇಕಾದರೂ ವಿರೋಧಿಸುವ ಹಕ್ಕು ಎಲ್ಲರಿಗೂ ಇದೆ. ಆದರೆ ಪೌರತ್ವವು ಒಳ್ಳೆಯ ನಡತೆಗೆ ನೀಡುವ ಬಹುಮಾನವಲ್ಲ. ಜರ್ಮನ್ ಪೂರ್ವಜರ ಆಟಗಾರನೊಬ್ಬ ಪೆನಾಲ್ಟಿ ತಪ್ಪಿಸಿದರೆ ಅವನು ಕೆಟ್ಟ ಆಟಗಾರ ಎನಿಸಿಕೊಳ್ಳಬಹುದು, ಪರದೇಶಿ ಎನಿಸಿಕೊಳ್ಳುವುದಿಲ್ಲ. ಅಷ್ಟೇ ಭದ್ರತೆ ವಲಸಿಗರ ಮೊಮ್ಮಗನಿಗೂ ದೊರೆಯುತ್ತದೆಯೇ ಎಂಬುದು ಮುಂದಿನ ಗೆಲುವಿನಲ್ಲಿ ತಿಳಿಯುವುದಿಲ್ಲ. ಮುಂದಿನ ಸೋಲಿನಲ್ಲಿ ತಿಳಿಯುತ್ತದೆ.