ವಾಂತಿಭೇದಿ ಕಾಣಿಸಿದರೆ ಯಾವ ನೀರು ಎಂದು ಕೇಳಿರಿ



ಒಂದೆರಡು ದಿನಗಳಲ್ಲಿ ಊರಿನ ನಾಲ್ಕಾರು ಮನೆಗಳಲ್ಲಿ ವಾಂತಿಭೇದಿ ಕಾಣಿಸಿತೆಂದರೆ, ಹವೆ ಬದಲಾಯಿತೆಂದು ಸುಮ್ಮನೆ ಕೂರಬಾರದು. ಕೂಡಲೇ ಆಶಾ ಕಾರ್ಯಕರ್ತೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಸುದ್ದಿ ಮುಟ್ಟಿಸಿರಿ. ರೋಗಿಗೆ ಓ.ಆರ್.ಎಸ್. ಕುಡಿಸುತ್ತಿರಿ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಕೊಡಬಹುದು. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂಬ ಮಾತನ್ನು ನಂಬಿದರೆ ಪ್ರಾಣಕ್ಕೇ ಎರವಾಗುತ್ತದೆ.

ಬಳಿಕ ಒಂದು ನೋಟ್ ಬುಕ್ಕು ಹಿಡಿದು ಮನೆಮನೆಗೆ ಹೊರಡಿರಿ. ಕಾಯಿಲೆ ಬಿದ್ದವರ ಹೆಸರು, ವಯಸ್ಸು, ಬೇನೆ ಶುರುವಾದ ದಿನ, ಅದಕ್ಕೆ ಹಿಂದಿನ ಐದು ದಿನ ಕುಡಿದ ನೀರು ಎಲ್ಲಿಯದು ಎಂಬುದನ್ನು ಬರೆಯಿರಿ. ಕಾಯಿಲೆ ಬಾರದ ಮನೆಗಳನ್ನೂ ಬಿಡಬೇಡಿರಿ. ಪೈರಿಗೆ ರೋಗ ತಗುಲಿದಾಗ ಹೊಲದ ಯಾವ ಮೂಲೆ ಇನ್ನೂ ಹಸಿರಾಗಿದೆ ಎಂದು ನೋಡುವುದಿಲ್ಲವೇ?

ಈ ಬಗೆಯ ವಿಚಾರಣೆಗೆ ಹೆಸರಾದವರು ಲಂಡನ್ನಿನ ವೈದ್ಯ ಜಾನ್ ಸ್ನೋ. 1854ರಲ್ಲಿ ಅಲ್ಲಿಯ ಬ್ರಾಡ್ ಸ್ಟ್ರೀಟಿನ ಸುತ್ತ ಕಾಲರಾ ಎದ್ದು 600ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆಂದು ದೊಡ್ಡ ವೈದ್ಯರೂ ನಂಬಿದ್ದ ಕಾಲವದು. ಸ್ನೋ ವಿಚಾರಿಸಿ ನೋಡಿದರೆ, ಸತ್ತವರಲ್ಲಿ ಹೆಚ್ಚಿನವರು ಬೀದಿಯ ಒಂದೇ ಪಂಪಿನ ನೀರು ಕುಡಿದವರು. ಅದೇ ಬೀದಿಯ ಬೀರು ಕಾರ್ಖಾನೆಯಲ್ಲಿದ್ದ 70ಕ್ಕೂ ಹೆಚ್ಚು ಆಳುಗಳಲ್ಲಿ ಯಾರೂ ಸಾಯಲಿಲ್ಲ. ಅವರು ಆ ಪಂಪಿನ ನೀರನ್ನು ಮುಟ್ಟುತ್ತಿರಲಿಲ್ಲ. ಆದರೆ ಮೈಲಿಗಳಾಚೆ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆ ಸತ್ತಳು. ಆ ನೀರಿನ ರುಚಿ ಮೆಚ್ಚಿ ಆಕೆ ಅದನ್ನೇ ತರಿಸಿಕೊಳ್ಳುತ್ತಿದ್ದಳು. (ನೀರು ರುಚಿಯಾಗಿದೆ ಎಂಬುದು ಶುದ್ಧತೆಗೆ ಸಾಕ್ಷಿಯಲ್ಲ!) ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಲಾಯಿತು. ಪಕ್ಕದ ಮನೆಯ ಮಲದ ಗುಂಡಿ ಆ ಬಾವಿಗೆ ಸೋರುತ್ತಿದ್ದುದು ಆಮೇಲೆ ಬಯಲಾಯಿತು.

ನಲ್ಲಿ ನೀರೆಂದು ನಾವೂ ನಿಶ್ಚಿಂತರಾಗಿರುವಂತಿಲ್ಲ. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಚರಂಡಿಯಲ್ಲಿ ಹಾದುಹೋಗುವ ಪೈಪು ಸೀಳಿದ್ದರೆ, ನೀರು ನಿಂತ ಹೊತ್ತಿನಲ್ಲಿ ಕೊಳೆ ಒಳಸೇರುತ್ತದೆ. ಪಟ್ಟಿ ಯಾವ ಬೀದಿಯನ್ನು ತೋರಿಸುತ್ತದೋ ಅಲ್ಲಿಯ ಪೈಪನ್ನು ಮೊದಲು ಅಗೆದು ನೋಡಿಸಿರಿ.

ಬಾವಿಯ ಮೇಲೆ ಅನುಮಾನ ಬಂದರೆ ಸೇದುವುದನ್ನು ನಿಲ್ಲಿಸಿ, ಬ್ಲೀಚಿಂಗ್ ಪುಡಿ ಹಾಕತಕ್ಕದ್ದು. ಬಾವಿಯ ಅಡ್ಡಳತೆ 3 ಮೀಟರು, ನೀರಿನ ಆಳ 4 ಮೀಟರು ಇದ್ದರೆ ಸುಮಾರು 28,000 ಲೀಟರು ನೀರಿರುತ್ತದೆ. 1000 ಲೀಟರಿಗೆ 2.5 ಗ್ರಾಂನಂತೆ 70 ಗ್ರಾಂ ಪುಡಿ ಬೇಕು. ನೀರು ಕೊಳಕಾಗಿದ್ದರೆ ಆರೋಗ್ಯ ಸಿಬ್ಬಂದಿ ಹೆಚ್ಚು ಹೇಳಿಯಾರು. ಪುಡಿಯನ್ನು ಹಾಗೆಯೇ ಎರಚಬೇಡಿರಿ. ಬಕೆಟ್ಟಿನಲ್ಲಿ ಕಲಸಿ, ನೀರು ತುಂಬಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಸಿದು ಬಾವಿಗಿಳಿಸಿ ಚೆನ್ನಾಗಿ ಕದಡಿರಿ. ತಳದ ಸುಣ್ಣದ ಗಸಿ ಬಾವಿಗೆ ಬಿದ್ದರೆ ನೀರು ಗಡುಸಾಗುತ್ತದೆ. ಒಂದು ಗಂಟೆ ಕಳೆಯದೆ ಯಾರೂ ಸೇದಕೂಡದು.

ಇಷ್ಟಾದ ಮೇಲೂ ಪಟ್ಟಿಯನ್ನು ಮುಂದುವರಿಸಿರಿ. ಐದು ದಿನ ಕಳೆದ ಮೇಲೂ ಹೊಸ ಹೆಸರುಗಳು ಸೇರುತ್ತಿದ್ದರೆ ಕೊಳೆ ಇನ್ನೆಲ್ಲಿಂದಲೋ ಬರುತ್ತಿದೆ. ಆಗ ಹಳೆಯ ನೋಟ್ ಬುಕ್ಕನ್ನೇ ಹಿಡಿದು, ಮೊದಲ ಮನೆಯಿಂದ ಮತ್ತೊಮ್ಮೆ ಕೇಳುತ್ತ ಹೋಗಬೇಕು.