ಪದವಿಯ ಬೆನ್ನಲ್ಲೇ ರಾತ್ರಿ ಪಾಳಿ

ಜನರಲ್ ವಾರ್ಡಿನಲ್ಲಿ ರಾತ್ರಿ ಎರಡು ಗಂಟೆ. ಒಬ್ಬ ರೋಗಿಯ ಉಸಿರಾಟ ಏರುತ್ತಿದೆ, ಇನ್ನೊಬ್ಬರ ಡ್ರಿಪ್ ಮುಗಿಯುತ್ತ ಬಂದಿದೆ. ಕರ್ತವ್ಯದಲ್ಲಿರುವ ದಾದಿಗೆ ಇಪ್ಪತ್ತೆರಡರ ವಯಸ್ಸು. ಕೆಲಸಕ್ಕೆ ಸೇರಿ ಮೂರು ವಾರವಾಗಿದೆ. ಡ್ಯೂಟಿ ಡಾಕ್ಟರರನ್ನು ಈಗಲೇ ಎಬ್ಬಿಸಬೇಕೇ, ಹತ್ತು ನಿಮಿಷ ಕಾಯಬಹುದೇ? ಹೇಳಿಕೊಡಬೇಕಾದ ಹಿರಿಯ ಸಿಸ್ಟರ್ ಇನ್ನೊಂದು ವಾರ್ಡನ್ನೂ ನೋಡಿಕೊಳ್ಳುತ್ತಿದ್ದಾರೆ. ಇದು ಕಲ್ಪಿತ ಚಿತ್ರವೇನೋ ಹೌದು. ಆದರೆ ಆಸ್ಪತ್ರೆಯಲ್ಲಿ ನಾಲ್ಕು ರಾತ್ರಿ ಕಳೆದವರಿಗೆ ಇದು ಅಪರಿಚಿತವಲ್ಲ.

ಕಾಲೇಜು ಕಲಿಸಿದ್ದಕ್ಕೂ ವಾರ್ಡು ಬೇಡುವುದಕ್ಕೂ ನಡುವಿನ ಈ ಕಂದರವನ್ನು ಅಮೆರಿಕದ ಮಾರ್ಲೀನ್ ಕ್ರೇಮರ್ 1974ರಲ್ಲೇ ‘ರಿಯಾಲಿಟಿ ಶಾಕ್’ ಎಂದು ಕರೆದರು. ಅನನುಭವಿ ದಾದಿ ಹಂತಹಂತವಾಗಿಯೇ ಪರಿಣತಳಾಗುತ್ತಾಳೆ ಎಂದು 1984ರಲ್ಲಿ ಪೆಟ್ರೀಷಿಯಾ ಬೆನ್ನರ್ ವಿವರಿಸಿದರು. 2002ರಲ್ಲಿ ಅಲ್ಲಿನ ಆಸ್ಪತ್ರೆಗಳ ಹಾಗೂ ನರ್ಸಿಂಗ್ ಕಾಲೇಜುಗಳ ಒಕ್ಕೂಟಗಳು ಸೇರಿ ಹೊಸ ಪದವೀಧರರಿಗೆ ಒಂದು ವರ್ಷದ ರೆಸಿಡೆನ್ಸಿ ತರಬೇತಿ ಆರಂಭಿಸಿದವು. ಹೊಸಬಳು ಸಂಬಳ ಪಡೆಯುವ ನೌಕರಳೇ; ಆದರೆ ಅನುಭವಿಯೊಬ್ಬರು ಜೊತೆಗಿರುತ್ತಾರೆ, ತಿಂಗಳಿಗೊಮ್ಮೆ ಸಹಪಾಠಿಗಳೊಡನೆ ಕುಳಿತು ಕಷ್ಟದ ಪ್ರಸಂಗಗಳನ್ನು ಚರ್ಚಿಸುವ ಅವಕಾಶವಿರುತ್ತದೆ.

ನಮ್ಮಲ್ಲಿ ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್ ಮಾಡಬೇಕು. ಬಿ.ಎಸ್ಸಿ. ನರ್ಸಿಂಗ್‌ನ ಕೊನೆಯ ಸೆಮಿಸ್ಟರ್‌ನಲ್ಲೂ ಇಂಟರ್ನ್‌ಶಿಪ್ ಇದೆ, ನಿಜ. ಆದರೆ ಆಗ ಆಕೆ ವಿದ್ಯಾರ್ಥಿನಿ, ಹೊಣೆ ಬೇರೆಯವರದು. (ಸಿಬ್ಬಂದಿ ಕೊರತೆಯ ಕಡೆ ಆ ಅವಧಿಯೂ ಪುಕ್ಕಟೆ ದುಡಿಮೆಯಾಗಿಬಿಡುವುದುಂಟು.) ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿಯಾದೊಡನೆ ಹೊಣೆಯೆಲ್ಲ ಆಕೆಯದೇ.

ಹಾಗೆಂದು ‘ರೆಸಿಡೆನ್ಸಿ’ ಎಂಬ ಹೆಸರನ್ನಷ್ಟೇ ಆಮದು ಮಾಡಿಕೊಂಡರೆ ಅಪಾಯವಿದೆ. ದೆಹಲಿ, ಮುಂಬೈ, ಕೇರಳಗಳ ಖಾಸಗಿ ಆಸ್ಪತ್ರೆಗಳ ದಾದಿಯರು 2011-12ರಲ್ಲಿ ಮುಷ್ಕರ ಹೂಡಿದ್ದು ಅಲ್ಪ ಸಂಬಳ ಹಾಗೂ ಬಾಂಡ್ ಪದ್ಧತಿಯ ವಿರುದ್ಧ. ತರಬೇತಿಯ ನೆಪದಲ್ಲಿ ಅರ್ಧ ಸಂಬಳ ಕೊಟ್ಟು ಮೂಲ ಪ್ರಮಾಣಪತ್ರಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದಾದರೆ ಅಂಥ ತರಬೇತಿ ಬೇಡವೇ ಬೇಡ. ಪೂರ್ಣ ಸಂಬಳವಿರಬೇಕು, ಬಾಂಡ್ ಇರಕೂಡದು. ಮೊದಲ ತಿಂಗಳುಗಳಲ್ಲಿ ಆಕೆಯನ್ನು ಪಾಳಿಯ ಸಂಖ್ಯಾಬಲದಲ್ಲಿ ಎಣಿಸಕೂಡದು.

ಖರ್ಚು ಬೀಳುವುದು ಇಲ್ಲಿಯೇ. ಕಲಿಸುವ ಹಿರಿಯ ಸಿಸ್ಟರ್‌ಗೂ ಎಂದಿನಷ್ಟೇ ರೋಗಿಗಳನ್ನು ಒಪ್ಪಿಸಿದರೆ ಆಕೆ ಕಲಿಸುವುದಾದರೂ ಯಾವಾಗ? 1947ರ ಭಾರತೀಯ ನರ್ಸಿಂಗ್ ಪರಿಷತ್ ಕಾಯ್ದೆಯ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಅದರಡಿ ಶಿಕ್ಷಣದ ನಿಯಮಗಳನ್ನು ಬರೆಯುವವರು ಹೊಸ ದಾದಿಯ ಮೊದಲ ವರ್ಷಕ್ಕೂ ಒಂದು ಅಧ್ಯಾಯ ಮೀಸಲಿಡಲಿ. ಕಲಿಸುವವರ ಪಾಳಿ, ರೋಗಿಗಳ ಸಂಖ್ಯೆ ಹಾಗೂ ಭತ್ಯೆಯನ್ನು ಅದರಲ್ಲಿ ಸ್ಪಷ್ಟವಾಗಿ ನಮೂದಿಸಲಿ.